ಗಂಗವ್ವ ಕರೆಯುತ್ತಿದ್ದ ಸಿಳ್ಳೆ

ಎರಡು ಉದ್ದ, ಒಂದು ಗಿಡ್ಡ. ಉದ್ದನೆಯವು ಎರಡೂ ಮೇಲಕ್ಕೆ ಏರುತ್ತಿದ್ದವು. ಗಿಡ್ಡನೆಯದು ಕತ್ತರಿ ಹಾಕಿದ ಹಾಗೆ ತಟ್ಟನೆ ನಿಂತುಬಿಡುತ್ತಿತ್ತು. ಕೊಟ್ಟೂರಿನ ನಮ್ಮ ಶಾಲೆಯ ಹಿಂದಿನ ಬಯಲಿನಿಂದ ಆ ಸಿಳ್ಳೆ ಕೇಳಿಸಿತೆಂದರೆ ಥರ್ಡ್ ಪೀರಿಯಡ್ ಮುಗಿಯಲು ಬಂತು ಎಂದೇ ಲೆಕ್ಕ. ಬೀರಪ್ಪ ತನ್ನ ಕುರಿಗಳನ್ನು ಕೆರೆಯ ಕಡೆ ತಿರುಗಿಸುವ ಹೊತ್ತು ಅದು. ನಾನು ಬೋರ್ಡಿನ ಮೇಲೆ ಪ್ಯಾಸಿವ್ ವಾಯ್ಸ್ ಬರೆಯುತ್ತಿದ್ದರೆ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಅದನ್ನೇ ಅಣಕಿಸುತ್ತಿದ್ದರು. ನಾನು ತಿರುಗಿ ನೋಡದೆ ಡಸ್ಟರ್ ಎಸೆಯುತ್ತಿದ್ದೆ. ಆ ಸಿಳ್ಳೆಯನ್ನು ಎಷ್ಟು ವರ್ಷ ಕೇಳಿದೆನೋ. ಅದಕ್ಕೇ ಹೇಳುತ್ತೇನೆ, ನನ್ನ ಕಿವಿ ತಪ್ಪುವ ಸಂಭವ ಕಡಿಮೆ.

ಫ್ರ್ಯಾಂಕ್ ಆಗಿ ಒಪ್ಪಿಕೊಂಡುಬಿಡುತ್ತೇನೆ. ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ಬಳ್ಳಾರಿಯ ಕಾನ್ವೆಂಟಿನಲ್ಲಿ, ಬೋರ್ಡಿಂಗ್‌ನಲ್ಲಿದ್ದು ಓದಿದವಳು ನಾನು. ಪ್ರತಿ ಶಬ್ದಕ್ಕೂ ಒಂದು ಸೋರ್ಸ್ ಇರುತ್ತದೆ, ಅದನ್ನು ಹುಡುಕದವರು ಸೋಮಾರಿಗಳು ಎಂದು ನಮ್ಮ ಫಿಸಿಕ್ಸ್ ಸಿಸ್ಟರ್ ಹೇಳುತ್ತಿದ್ದರು. ಅದನ್ನೇ ನಾನು ಬದುಕಿನುದ್ದಕ್ಕೂ ನಂಬಿದೆ. ದೆವ್ವ, ಮೈದುಂಬುವುದು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳುವುದು, ಎಲ್ಲಕ್ಕೂ ನನ್ನದು ಒಂದೇ ಮಾತು: ನಾನ್‌ಸೆನ್ಸ್. ಈಗ ಇದನ್ನು ಓದಿ ನೀವೂ ಆ ಮಾತನ್ನೇ ಅಂದರೆ ನನಗೆ ಬೇಸರವಿಲ್ಲ. ಇತ್ತೀಚೆಗೆ ಯಾವುದಕ್ಕೂ ಅಷ್ಟಾಗಿ ಬೇಸರವಾಗುವುದೂ ಇಲ್ಲ.

ಗಂಗವ್ವ ಬೀರಪ್ಪನ ಹೆಂಡತಿ. ಕೂಡ್ಲಿಗಿ ಕಡೆಯ ಕುರಿ ಕಾಯುವವರ ಹಟ್ಟಿಯಿಂದ ಬಂದವಳು. ನಾನು ರಿಟೈರ್ ಆದ ಮೇಲೆ ಮನೆಗೆಲಸಕ್ಕೆ ಬರತೊಡಗಿದಳು. ಅವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಅವರಲ್ಲಿ ಯಾವ ಹೆಂಡತಿಯೂ ಹೇಳುವುದಿಲ್ಲ, ಹಾಗೆ ನೋಡಿದರೆ ನಮ್ಮ ತಾಯಿಯೂ ಹೇಳುತ್ತಿರಲಿಲ್ಲ. ಆದರೆ ಬಯಲಿನಲ್ಲಿ ಒಂದು ಮೈಲಿ ದೂರದಲ್ಲಿರುವ ಗಂಡನನ್ನು ಬುತ್ತಿ ಉಣ್ಣಲು ಕರೆಯಬೇಕಲ್ಲ? ಕುರಿ ಕಾಯುವ ಒಬ್ಬೊಬ್ಬರದೂ ಒಂದೊಂದು ಸಿಳ್ಳೆ. ಹತ್ತು ಹಿಂಡು ಬೆರೆತರೂ ಕುರಿಗಳು ತಮ್ಮವನ ಸಿಳ್ಳೆಗೆ ಮಾತ್ರ ತಿರುಗುತ್ತವೆ. ಗಂಗವ್ವ ಅವನ ಸಿಳ್ಳೆಯನ್ನೇ ತಾನೂ ಹಾಕಿ ಅವನನ್ನು ಕರೆಯುತ್ತಿದ್ದಳು. ಹೆಸರು ಹೇಳಿದ ಹಾಗೂ ಆಗಲಿಲ್ಲ, ಕರೆದ ಹಾಗೂ ಆಯಿತು. ಒಂದೇ ವ್ಯತ್ಯಾಸವೆಂದರೆ ಅವಳ ಮುಂದಿನ ಹಲ್ಲೊಂದು ಮುರಿದಿತ್ತು. ಅಲ್ಲಿ ಗಾಳಿ ಸೋರಿ, ಎರಡನೆಯ ಉದ್ದ ಸಿಳ್ಳೆ ನಡುವೆ ಸೀಳಿ ಎರಡು ಎಳೆಯಾಗುತ್ತಿತ್ತು.

ಒಮ್ಮೆ ಯಾವುದೋ ಪಟ್ಟಿ ಬರೆದುಕೊಳ್ಳಲು ಬಂದ ಗುಮಾಸ್ತರು ನಮ್ಮ ಕಟ್ಟೆಯ ಮೇಲೇ ಕೂತು, "ಗಂಡನ ಹೆಸರೇನವ್ವಾ?" ಎಂದು ಮೂರು ಸಲ ಕೇಳಿದರು.

"ಸಿಳ್ಳಿ ಹೊಡೀತೀನ್ರಿ, ಬರ್ಕೊಂತೀರೇನು?" ಎಂದಳು ಗಂಗವ್ವ.

ಆ ಗುಮಾಸ್ತರಿಗೆ ನಗು ತಡೆಯಲಾಗದೆ ಪೆನ್ನು ಕೆಳಗೆ ಬಿತ್ತು. ಹೆಸರನ್ನು ನಾನೇ ಹೇಳಿ ಬರೆಸಿದೆ.

ಕುರಿಗಳಿಗೆ ರೋಗ ಬಿದ್ದು ಹಿಂಡು ಹಾಳಾದ ವರ್ಷ ಬೀರಪ್ಪ ನಮ್ಮ ಕಡೆಯ ನಾಲ್ಕಾರು ಮಂದಿಯ ಜೊತೆ ಕಡಲಿನ ಕಡೆ ಮೀನಿನ ಬೋಟಿನ ಕೆಲಸಕ್ಕೆ ಹೋದ. ಹಡಗಲಿ ಎಂಬ ಊರಿನ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಹಡಗು ಎಂಬುದನ್ನು ಕಾಣದ ಜನ ನಾವು. ಈಜು ಬಾರದು. ಎರಡನೆಯ ವರ್ಷದ ಒಂದು ಬೆಳಗ್ಗೆ ಬಲೆ ಎಳೆಯುವಾಗ ಬಿದ್ದನಂತೆ. ಬೋಟು ದಡಕ್ಕೆ ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವನ ಕಂಬಳಿ ಮಾತ್ರ ಇಲ್ಲೇ ಮನೆಯ ಗೂಟದಲ್ಲಿತ್ತು, ಸೆಕೆಯ ಊರಿಗೆ ಅದೇಕೆ ಎಂದು ಬಿಟ್ಟುಹೋಗಿದ್ದ.

ಅದಾಗಿ ಒಂಬತ್ತು ವರ್ಷ ಗಂಗವ್ವ ಬಳೆ ತೆಗೆಯಲಿಲ್ಲ. ಯಾರೂ ಒತ್ತಾಯ ಮಾಡಲೂ ಇಲ್ಲ. ಆಮೇಲೆ ಅವಳ ಅತ್ತೆ ಹಾಸಿಗೆ ಹಿಡಿದಳು. ಮಗನಿಗೆ ಮಣ್ಣು ಕೊಟ್ಟದ್ದು ಕಂಡೇ ಕಣ್ಣು ಮುಚ್ಚುತ್ತೇನೆ ಎಂದು ಹಟ ಹಿಡಿದಳು. ಹೆಣ ಇಲ್ಲದವನಿಗೆ ಮಣ್ಣು ಕೊಡುವುದು ಹೇಗೆ? ಮೈದುನ ಹನುಮಪ್ಪ ಹಟ್ಟಿಯ ಹಿರಿಯರನ್ನು ಕೇಳಿ ಬಂದ. ಬೀರಪ್ಪನ ಕಂಬಳಿಯನ್ನು ಅವನೆಂದೇ ತಿಳಿದು ಕುಣಿಯಲ್ಲಿಟ್ಟು ಮಣ್ಣು ಮಾಡುವುದೆಂದು ಗೊತ್ತಾಯಿತು. ಬರುವ ಸೋಮವಾರ. ಅಂದೇ ಗಂಗವ್ವನ ಬಳೆಯೂ ಹೋಗಬೇಕು. ಅವಳು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಇದು ಎರಡು ವರ್ಷದ ಹಿಂದಿನ ಮಾತು.

ಅದೇ ವಾರ ನನ್ನ ತಂಗಿಯ ಮೊಮ್ಮಗಳು ಅಶ್ವಿನಿ ನನಗೊಂದು ಕೆಲಸ ಹಚ್ಚಿದ್ದಳು. ಅವಳು ಕಡಲಿನ ಪ್ರಾಣಿಗಳ ಶಬ್ದದ ಮೇಲೆ ರಿಸರ್ಚ್ ಮಾಡುವವಳು. ಶಾಲೆಯ ಮಕ್ಕಳಿಗಾಗಿ ತಿಮಿಂಗಿಲ, ಡಾಲ್ಫಿನ್, ಸೀಲ್‌ಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡಕ್ಕೆ ತರಬೇಕಿತ್ತು. ಸೀಲ್ ಎಂಬುದಕ್ಕೆ ನೀರುನಾಯಿ ಎಂದು ಬರೆದು ಬೈಸಿಕೊಂಡೆ. ನೀರುನಾಯಿ ನಮ್ಮ ತುಂಗಭದ್ರೆಯಲ್ಲಿರುವುದು, ಅದು ಬೇರೆ, ಇದು ಬೇರೆ ಅಜ್ಜಿ, ಎಂದಳು. ಕೊನೆಗೆ ಸೀಲ್ ಅನ್ನು ಸೀಲ್ ಎಂದೇ ಬಿಟ್ಟೆ. ಡಾಲ್ಫಿನ್ ಭಾಗ ಮಾತ್ರ ಬಹಳ ಚೆನ್ನಾಗಿತ್ತು. ಒಂದೊಂದು ಡಾಲ್ಫಿನ್ ಮರಿಯೂ ತನ್ನದೇ ಒಂದು ಸಿಳ್ಳೆ ಕಟ್ಟಿಕೊಳ್ಳುತ್ತದಂತೆ. ಅದೇ ಅದರ ಹೆಸರು. ಜೊತೆಗಾರ ಕಣ್ಮರೆಯಾದರೆ ಇನ್ನೊಂದು ಅವನ ಸಿಳ್ಳೆಯನ್ನೇ ಹಾಕಿ ಕರೆಯುತ್ತದೆ. ಆದರೆ ಪೂರ್ತಿ ಹಾಗೇ ಹಾಕುವುದಿಲ್ಲ, ಎಲ್ಲೋ ಒಂಚೂರು ಬೇರೆ ಮಾಡುತ್ತದೆ. ಕೇಳಿದವರಿಗೆ ಇದು ಅವನಲ್ಲ, ಅವನನ್ನು ಕರೆಯುವವರು ಎಂದು ಗೊತ್ತಾಗಬೇಕಲ್ಲ. ಒಮ್ಮೆ ಕಲಿತ ಸಿಳ್ಳೆಯನ್ನು ಅವು ಮರೆಯುವುದೂ ಇಲ್ಲವಂತೆ.

ಅದನ್ನು ಕನ್ನಡ ಮಾಡುತ್ತಾ ಗಂಗವ್ವನಿಗೆ ಓದಿ ಹೇಳಿದೆ. ಅವಳು ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. "ಅಯ್ಯ, ಅವುಕೂ ಗಂಡನ ಹೆಸರು ಹೇಳಬಾರ್ದೇನ್ರಿ ಅಕ್ಕೋರ?" ಎಂದಳು. ಇಬ್ಬರೂ ನಕ್ಕೆವು. ಈ ಮನೆಯಲ್ಲಿ ನಾವಿಬ್ಬರೂ ನಕ್ಕದ್ದು ಅದೇ ಕೊನೆ ಇರಬೇಕು.

ಊಟ ಮುಗಿದ ಮೇಲೆ, ಎರಡೋ ಎರಡೂವರೆಯೋ ಗಂಟೆ. ಅಂಗಳದಲ್ಲಿ ಬಿಸಿಲು ಬಿಳಿಯಾಗಿ ಬಿದ್ದಿತ್ತು. ಕೇಳದೆ ಅನುವಾದ ಮಾಡಬೇಡಿ ಎಂದು ಅಶ್ವಿನಿ ಲ್ಯಾಪ್‌ಟಾಪಿಗೆ ಕೆಲವು ಸೌಂಡ್ ಫೈಲ್ ಕಳಿಸಿದ್ದಳು. ಡಾಲ್ಫಿನ್‌ಗಳ ದನಿ ಬಹಳ ಕೀಚಲಾದ್ದರಿಂದ ಮುದುಕರ ಕಿವಿಗೆ ನಿಲುಕಲೆಂದು ನಿಧಾನ ಮಾಡಿದ್ದಳು. ಮೊದಲು ತಿಮಿಂಗಿಲದ್ದು ಹಾಕಿದೆ, ಬಾವಿಯೊಳಗಿಂದ ಎಮ್ಮೆ ಕೂಗಿದ ಹಾಗಿತ್ತು. ಆಮೇಲೆ ಸೀಲ್. ಆಮೇಲೆ ಡಾಲ್ಫಿನ್. ಗುಳುಗುಳು ನೀರು, ಬಾಗಿಲು ಕಿರುಗುಟ್ಟಿದಂತೆ ಏನೋ, ಮತ್ತೆ ನೀರು. ಆಮೇಲೆ ಬಂತು.

ಎರಡು ಉದ್ದ, ಒಂದು ಗಿಡ್ಡ.

ನನಗೆ ಥರ್ಡ್ ಪೀರಿಯಡ್ ನೆನಪಾಯಿತು, ಅಷ್ಟೇ. ಭಯವಾಗಲಿಲ್ಲ. ಬೀರಪ್ಪ ಕುರಿ ತಿರುಗಿಸುತ್ತಿದ್ದಾನೆ ಎಂದುಕೊಂಡೆ. ಅವನು ಸತ್ತು ಒಂಬತ್ತು ವರ್ಷವಾಗಿದೆ ಎಂಬುದು ಅದರ ಹಿಂದೆ ನಿಧಾನವಾಗಿ ಬಂತು. ಫೈಲ್ ನಿಲ್ಲಿಸಬೇಕೆಂದರೆ ಬೆರಳು ಏಳಲಿಲ್ಲ. ಅದು ಮತ್ತೊಮ್ಮೆ ಬಂತು.

ಗಂಗವ್ವನ ಕಡೆ ನೋಡಿದೆ. ಮೊರದ ಮೇಲೆ ಅವಳ ಕೈ ನಿಂತಿತ್ತು.

"ಬೀರಪ್ಪನ ಸಿಳ್ಳೆ ಇದ್ದ ಹಾಗಿದೆ ಅಲ್ಲೇನೇ?" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಅಲ್ರಿ. ಅವ್ರದು ಹಿಂಗಿಲ್ಲ. ಇನ್ನೊಂದಪ ಹಚ್ರಿ."

ಹಚ್ಚಿದೆ. ಈ ಸಲ ನನಗೂ ಕೇಳಿಸಿತು. ಎರಡನೆಯ ಉದ್ದ ಸಿಳ್ಳೆ ನಡುವೆ ಸೀಳಿ ಎರಡು ಎಳೆಯಾಗುತ್ತಿತ್ತು.

"ಇದು ನಂದ್ರಿ," ಎಂದಳು ಗಂಗವ್ವ. "ನಾನು ಅವ್ರನ್ನ ಕರಿಯೋದಿದು."

ತಾನು ಹೇಳಿದ್ದು ಸುಳ್ಳಲ್ಲ ಎಂದು ತೋರಿಸುವವಳಂತೆ ನಾಲಿಗೆಯನ್ನು ಮುರಿದ ಹಲ್ಲಿಗೆ ಒತ್ತಿ ಸಿಳ್ಳೆ ಹಾಕಿದಳು. ಬೀರಪ್ಪ ಕಡಲಿನ ಕಡೆ ಹೋದಂದಿನಿಂದ ಅವಳು ಅದನ್ನು ಹಾಕಿದ್ದನ್ನು ನಾನು ಕೇಳಿರಲಿಲ್ಲ. ಲ್ಯಾಪ್‌ಟಾಪಿನಿಂದ ಬಂದದ್ದೂ ಇದೂ ಒಂದೇ.

ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು: "ಯಾವ ಕಡಲದು?"

"ನಮ್ಮದೇ," ಎಂದೆ.

ಯಾಕೆ ಹಾಗಂದೆ? ಅಶ್ವಿನಿ ಇರುವುದು ನಮ್ಮ ಕರಾವಳಿಯಲ್ಲಿ, ಆದ್ದರಿಂದ ರೆಕಾರ್ಡಿಂಗೂ ಅಲ್ಲಿಯದೇ ಎಂದುಕೊಂಡಿದ್ದೆ. ಮನಸ್ಸಿನಲ್ಲೇ ಒಂದು ಎಕ್ಸ್‌ಪ್ಲನೇಷನ್ ಕೂಡ ಕಟ್ಟಿಕೊಂಡಿದ್ದೆ. ಬೋಟಿನಲ್ಲಿ ಕೂತು ಬೀರಪ್ಪ ಹೆಂಡತಿಯ ನೆನಪಾದಾಗ ಅವಳು ತನ್ನನ್ನು ಕರೆಯುವ ಹಾಗೇ ಸಿಳ್ಳೆ ಹಾಕಿರಬೇಕು. ಬೋಟಿನ ಪಕ್ಕ ಬರುವ ಡಾಲ್ಫಿನ್‌ಗಳು ಕಲಿತಿರಬೇಕು. ಪರ್ಫೆಕ್ಟ್‌ಲಿ ರೀಸನಬಲ್. ಸಿಸ್ಟರ್ ಇದ್ದಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಮರುದಿನ ಬೆಳಗ್ಗೆ ಹನುಮಪ್ಪ ಬಂದು ಅಂಗಳದಲ್ಲೇ ನಿಂತ. ಒಳಗೆ ಕರೆದರೂ ಬರಲಿಲ್ಲ.

"ಅಕ್ಕೋರ, ಓದಿದೋರು ನೀವು. ನೀವ ಹಿಂಗ ಆಕಿ ತಲಿ ಕೆಡಿಸಿದ್ರ ಹೆಂಗ್ರಿ? ಕಂಬಳಿ ಕೊಡಂಗಿಲ್ಲ ಅಂತ ಕುಂತಾಳ. ಅವ್ರನ್ನ ಅಲ್ಲಿ ಯಾರೋ ಕರಿಯಾಕ ಹತ್ಯಾರಂತ, ಕರಿಯೋದು ನಿಲ್ಲೋತನಕ ಮಣ್ಣು ಮಾಡಬಾರ್ದಂತ. ನಾನು ಹೋಗಿ ನೋಡಿ ಬರ್ತೀನಿ ಅಂತಾಳ. ಮನ್ಯಾಗ ಮುದುಕಿ ಜೀವ ಹಿಡ್ಕೊಂಡು ಬಿದ್ದಾಳ. ಒಂದು ಮೀನು ಒದರಿದ್ದಕ್ಕ ಇಷ್ಟೆಲ್ಲಾ ಏನ್ರಿ?"

"ಅದು ಮೀನಲ್ಲ," ಎಂದೆ. "ಹಾಲು ಕುಡಿಸುವ ಪ್ರಾಣಿ."

ಹನುಮಪ್ಪ ನನ್ನ ಮುಖವನ್ನೇ ನೋಡಿದ. ಅಂಥ ಹೊತ್ತಿನಲ್ಲಿ ಅವನಿಗೆ ಹೇಳಲು ನನ್ನ ಬಳಿ ಅದೊಂದೇ ಮಾತಿತ್ತು. ಮೂವತ್ತು ವರ್ಷ ಪಾಠ ಹೇಳಿದವಳ ಗತಿ. ಅವನು ತಲೆಗೆ ಟವೆಲ್ ಸುತ್ತಿಕೊಂಡು ಹೋದ.

ಸಂಜೆಗೆ ಅಶ್ವಿನಿಯ ಫೋನ್ ಬಂತು. ನಾನು ಬೆಳಗ್ಗೆಯೇ ಮೆಸೇಜ್ ಹಾಕಿ ಕೇಳಿದ್ದೆ. "ಅಜ್ಜಿ, ಅದು ನಮ್ಮ ಕಡೆಯದಲ್ಲ. ಭೂಮಿಯ ಆಚೆ ಬದಿಯ ಸಮುದ್ರದ್ದು. ಸ್ಯಾಂಪಲ್ ಅಂತ ಹಳೇ ಆರ್ಕೈವ್‌ನಿಂದ ತಗೊಂಡಿದ್ದು. ನೀವಿನ್ನೂ ಶಾಲೇಲಿ ಪಾಠ ಮಾಡ್ತಿದ್ದಾಗಿನದು," ಎಂದಳು. ಬೀರಪ್ಪ ಕಡಲನ್ನು ಕಣ್ಣಿನಿಂದ ಕಾಣುವ ಮೊದಲಿನದು. ಅವನಿನ್ನೂ ನನ್ನ ಕ್ಲಾಸಿನ ಹಿಂದೆ ಕುರಿ ತಿರುಗಿಸುತ್ತಿದ್ದ ಕಾಲದ್ದು. ಗಂಗವ್ವ ಆಗ ಬುತ್ತಿ ಹೊತ್ತು ಬಯಲಿನಲ್ಲಿ ನಿಂತು ಕರೆಯುತ್ತಿದ್ದಳು.

"ಪ್ಯಾಟರ್ನ್ ಮ್ಯಾಚ್ ಆಗೋದು ಇರುತ್ತೆ ಅಜ್ಜಿ. ಅದೂ ನಿಧಾನ ಮಾಡಿದಾಗ ಯಾವುದು ಬೇಕಾದರೂ ಯಾವುದರ ಥರಾ ಬೇಕಾದರೂ ಕೇಳಿಸುತ್ತೆ. ಪಾಪ, ಅವರಿಗೆ ಹೇಳಿಬಿಡಿ," ಎಂದಳು. ಅವಳು ಹೇಳಿದ್ದು ಸರಿ ಇರಬಹುದು. ಕೋಇನ್ಸಿಡೆನ್ಸ್ ಎಂಬ ಪದ ನನಗೂ ಗೊತ್ತು, ಸ್ಪೆಲಿಂಗ್ ಸಮೇತ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ಆ ಸೀಳು? ಒಬ್ಬ ಹೆಂಗಸಿನ ಮುರಿದ ಹಲ್ಲಿನ ಗಾಳಿ ಭೂಮಿಯ ಆಚೆ ಬದಿಯ ನೀರಿನಲ್ಲಿ ಯಾಕಿರಬೇಕು? ಆ ಫೈಲ್ ಇನ್ನೂ ಲ್ಯಾಪ್‌ಟಾಪಿನಲ್ಲಿದೆ. ಒಂದೊಂದು ಮಧ್ಯಾಹ್ನ ಕೇಳುತ್ತೇನೆ. ಸೀಳು ಇದೆ. ನನಗೆ ಗೊತ್ತಾಗಿಲ್ಲ, ಇನ್ನು ಗೊತ್ತಾಗುವಷ್ಟು ಕಾಲವೂ ಉಳಿದಿಲ್ಲ.

ಆ ಸೋಮವಾರ ಕುಣಿ ತೋಡಲಿಲ್ಲ. ಮುದುಕಿ ಮಗನ ಮಣ್ಣು ಕಾಣದೆಯೇ ಎಂಟು ದಿನದಲ್ಲಿ ಹೋದಳು. ಹನುಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ಕಡಲಿನ ಕಡೆ ಹೋದ ಮೇಲೆ ಗಂಗವ್ವ ಒಂದೇ ಸಲ ಯಾರದೋ ಫೋನಿನಿಂದ ಮಾತಾಡಿದಳು. ಮೀನು ಆರಿಸುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿದೆ, ಬೆಳಗ್ಗೆ ಕೆಲಸಕ್ಕೆ ಮುಂಚೆ ನೀರಿನ ಹತ್ತಿರ ಹೋಗಿ ಬರುತ್ತೇನೆ, ಎಂದಳು. ಅಲ್ಲಿ ಹೋಗಿ ಏನು ಮಾಡುತ್ತೀಯ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆಮೇಲೆ ಆ ನಂಬರ್ ಹತ್ತುತ್ತಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ, ಅಶ್ವಿನಿಯ ಫೋನ್ ಬಂದ ಮರುದಿನ ಬೆಳಗ್ಗೆ. ಆ ಸಿಳ್ಳೆ ನಮ್ಮ ಕಡಲಿನದಲ್ಲ ಎಂದು ಹೇಳಿಬಿಡಬೇಕೆಂದೇ ಹೋಗಿದ್ದೆ. ಹರಪನಹಳ್ಳಿ ಬಸ್ಸು ಆಗಲೇ ನಿಂತಿತ್ತು, ಅವಳು ಕಿಟಕಿಯ ಪಕ್ಕ ಕೂತಿದ್ದಳು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲೆ ಇಟ್ಟಿದ್ದಳು. ಬಳೆಗಳು ಹಾಗೇ ಇದ್ದವು. ನನ್ನನ್ನು ಕಂಡು ಕಿಟಕಿಯ ಸರಳಿಗೆ ಮುಖ ತಂದಳು.

"ಅಕ್ಕೋರ, ಅವು ಮರಿಯಂಗಿಲ್ಲ ಅಂದ್ರಲ್ಲ, ಖರೇನ ಹೌದೇನ್ರಿ?"

"ಹೌದು," ಎಂದೆ. "ಇಪ್ಪತ್ತು ವರ್ಷದ ಮೇಲೂ ಜೊತೆಗಾರನ ಸಿಳ್ಳೆ ಗುರುತು ಹಿಡಿಯುತ್ತವಂತೆ."

ಅದು ನಿಜ, ಅಶ್ವಿನಿಯ ಹಾಳೆಯಲ್ಲಿ ಇತ್ತು. ಇನ್ನೊಂದು ನಿಜವನ್ನು ನಾನು ಹೇಳಲಿಲ್ಲ. ಕಂಡಕ್ಟರ್ ಬಾಗಿಲು ಬಡಿದ. ಬಸ್ಸು ಹಿಂದಕ್ಕೆ ಬಂದು ತಿರುಗಿಕೊಂಡಿತು. ಆಗ ಹೇಳಬೇಕೆನಿಸಿತು. ಇಂಜಿನ್ನಿನ ಸದ್ದಿನಲ್ಲಿ ಕೂಗಿದರೆ ಕೇಳಿಸುವಂತಿರಲಿಲ್ಲ. ಸಿಳ್ಳೆಯಾದರೆ ತಿರುಗಿ ನೋಡುತ್ತಿದ್ದಳು. ಎಂಟನೆಯ ವಯಸ್ಸಿನಲ್ಲಿ ಕಾನ್ವೆಂಟಿನ ಕಾರಿಡಾರಿನಲ್ಲಿ ಸಿಳ್ಳೆ ಹಾಕಿದ್ದಕ್ಕೆ ಒಬ್ಬ ಸಿಸ್ಟರ್ ನನ್ನನ್ನು ಚಾಪೆಲ್ ಮುಂದೆ ಮೊಣಕಾಲ ಮೇಲೆ ನಿಲ್ಲಿಸಿದ್ದರು. ಅಂದಿನಿಂದ ಹಾಕಿರಲಿಲ್ಲ. ಅಷ್ಟು ಜನರ ನಡುವೆ, ಹಣ್ಣಿನ ತಳ್ಳುಗಾಡಿಯ ಪಕ್ಕ ನಿಂತು ತುಟಿ ಸೇರಿಸಿದೆ. ಬರೀ ಗಾಳಿ ಬಂತು. ಬಸ್ಸಿನ ಹಿಂದಿನ ಗಾಜಿನಲ್ಲಿ ಅವಳ ತುರುಬು ಕಾಣುತ್ತಿತ್ತು. ಅವಳು ಮುಂದೆಯೇ ನೋಡುತ್ತಿದ್ದಳು.