ರಾಗಿ ಮೂಟೆಯಲ್ಲಿ ಮಂಗೋಲಿಯಾ

ನಮ್ಮ ಮನೆಗೆ ಬಂದವರು ಮೊದಲು ಕೇಳುವುದು, "ಇಷ್ಟೊಂದು ಸ್ವೀಟ್ ಬಾಕ್ಸ್ ಯಾಕೆ ಇಟ್ಕೊಂಡಿದೀರ?" ಅಂತ. ಬಾಕ್ಸ್ ತೆಗೆದು ತೋರಿಸಿದ ಮೇಲೆ ಕೇಳುವುದು, "ಇಷ್ಟೊಂದು ಸ್ಟಾಂಪ್ ಯಾಕೆ ಇಟ್ಕೊಂಡಿದೀರ?" ಅಂತ. ಮೊದಲನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಎರಡನೆಯದನ್ನು ಕೇಳಿದವರಿಗೆ ಕಾಫಿ ಕೊಟ್ಟು ಕಳಿಸಿಬಿಡುತ್ತೇನೆ.

ಗುಬ್ಬಿಯ ಸರ್ಕಾರಿ ಕಚೇರಿಯೊಂದರಲ್ಲಿ ಕಡತ ಜೋಡಿಸುವುದೇ ನನ್ನ ನೌಕರಿಯಾಗಿತ್ತು. ಯಾವ ಹಳೆಯ ಕಾಗದ ಕೇಳಿದರೂ ಎದ್ದು ಹೋಗಿ ತಂದು ಕೊಡುತ್ತಿದ್ದೆ. ನಿವೃತ್ತಿಯಾದ ಮೇಲೆ ತುಮಕೂರಿನ ಮನೆಯ ಮಹಡಿ ಕೋಣೆಯಲ್ಲಿ ಅದೇ ಕೆಲಸ ಮುಂದುವರಿದಿದೆ, ಕಾಗದ ಮಾತ್ರ ಚಿಕ್ಕದಾಗಿದೆ. ಲಕೋಟೆಯ ತುಂಡಿನ ಸಮೇತ ಸ್ಟಾಂಪನ್ನು ನೀರಿಗೆ ಹಾಕಿ, ಅಂಟು ಬಿಟ್ಟ ಮೇಲೆ ಹಳೇ ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸುತ್ತೇನೆ. ಆಮೇಲೆ ಅದು ಸುರುಳಿಯಾಗದ ಹಾಗೆ ನಮ್ಮ ಯಜಮಾನರ ಹಾಸಿಗೆಯ ಕೆಳಗೆ ಇಡುತ್ತೇನೆ. ಅವರ ತೂಕ ಮನೆಗೆ ಉಪಯೋಗಕ್ಕೆ ಬಂದಿರುವುದು ಅದೊಂದಕ್ಕೇ ಎಂದು ನಾನು ಹೇಳಿದರೆ ಅವರು ನಗುತ್ತಾರೆ. ಮೂವತ್ತು ವರ್ಷ ಫ್ಯಾಕ್ಟರಿಯ ಸೈರನ್ ಕೇಳಿದ ಮನುಷ್ಯನಿಗೆ ನನ್ನ ಬಾಯಿ ಯಾವ ಲೆಕ್ಕ!

ಒಣಗಿದ ಸ್ಟಾಂಪುಗಳು ದೇಶವಾರು ಲಗ್ನಪತ್ರಿಕೆಯ ಕವರಿಗೆ ಹೋಗುತ್ತವೆ. ನಮ್ಮ ಕಡೆ ವರ್ಷಕ್ಕೆ ಎಷ್ಟು ಮದುವೆ, ಎಷ್ಟು ಪತ್ರಿಕೆ! ದಪ್ಪ ಕಾಗದ, ಮೇಲೆ ಗಣಪತಿ. ಹಿಂದುಗಡೆ ದೇಶದ ಹೆಸರು ಬರೆದರೆ ಆಯಿತು. ಕವರುಗಳು ಸ್ವೀಟ್ ಬಾಕ್ಸಿಗೆ, ಬಾಕ್ಸುಗಳು ಬೀರುವಿಗೆ, ಅವುಗಳಲ್ಲಿ ಆರಿಸಿದವು ಆಲ್ಬಮ್ಮಿಗೆ. ಎಲ್ಲವೂ ಕನ್ನಡದ ಅಕ್ಷರ ಕ್ರಮದಲ್ಲಿ. ಅಂಗೋಲಾದಿಂದ ಶುರುವಾದರೆ ಹೊಂಡುರಾಸ್ ತನಕ.

ಈ ಕ್ರಮ ಮಾತ್ರ ನನ್ನದು. ನಿಜ ಹೇಳಬೇಕೆಂದರೆ ಸಂಗ್ರಹದ ಮುಕ್ಕಾಲು ಪಾಲು ನನ್ನದಲ್ಲ. ಅದು ಕುಣಿಗಲ್ಲಿನ ಹೈಸ್ಕೂಲಿನಲ್ಲಿ ನನಗೆ ಭೂಗೋಳ ಕಲಿಸಿದ ಮೇಷ್ಟ್ರದು. ಒಂದು ದಿನ ಅವರು ಅಂಗೈ ಮೇಲೆ ಒಂದು ಸ್ಟಾಂಪ್ ಇಟ್ಟುಕೊಂಡು ಕ್ಲಾಸಿಗೆ ಬಂದಿದ್ದರು. ಗಾಳಿಪಟದ ಆಕಾರ, ಮೇಲೊಂದು ಕುದುರೆ. "ಮಂಗೋಲಿಯಾ. ಯಾರೂ ಜೋರಾಗಿ ಉಸಿರು ಬಿಡಬೇಡಿ, ಹಾರಿಹೋಗುತ್ತೆ" ಎಂದು ಬೆಂಚಿನಿಂದ ಬೆಂಚಿಗೆ ತೋರಿಸಿದರು. ಕುಣಿಗಲ್ ಅಂದರೆ ರೇಸ್ ಕುದುರೆ ಸಾಕುವ ಊರು, ಕುದುರೆ ವಿಷಯದಲ್ಲಿ ನಾವೆಲ್ಲ ಪಂಡಿತರೇ. "ನಮ್ಮೂರ ಕುದುರೆಗಿಂತ ಕುಳ್ಳು ಸಾರ್" ಅಂದೆ. ಅವರು ಎಷ್ಟು ನಕ್ಕರೆಂದರೆ ಸ್ಟಾಂಪು ಅವರ ಉಸಿರಿಗೇ ಹಾರಿ ನನ್ನ ಡೆಸ್ಕಿನ ಮೇಲೆ ಬಿತ್ತು. ಅಂದಿನಿಂದ ನನಗೆ ಈ ಹುಚ್ಚು.

ಕಳೆದ ಬೇಸಿಗೆಯಲ್ಲಿ ಮೇಷ್ಟ್ರು ತಮ್ಮ ಎರಡು ಟ್ರಂಕುಗಳನ್ನೂ ನನಗೆ ಒಪ್ಪಿಸಿದರು. ಅವರದು ಕೆರೆ ಪಕ್ಕದ ಮನೆ, ಗೋಡೆಗೆ ಸದಾ ತೇವ. ಅದಕ್ಕಿಂತ ಹೆಚ್ಚಾಗಿ ಅವರ ಕಣ್ಣು ಹೋಗುತ್ತಿತ್ತು. ನೇರ ನೋಡಿದರೆ ನಡುವೆ ಮಸುಕು, ಓರೆಯಾಗಿ ನೋಡಿದರೆ ಅಂಚಿನಲ್ಲಿ ಒಂದಿಷ್ಟು ಕಾಣಿಸುತ್ತದೆ. ಅದೂ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಟ್ರಂಕಲ್ಲಿ ತುಂಬಿದ್ದೇ ಆಯ್ತು, ಜೋಡಿಸ್ಲೇ ಇಲ್ಲ" ಅಂದರು. "ನೀನು ಜೋಡಿಸ್ಕೊಂಡು ಬಾ. ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಎಲ್ಲ ದೇಶಾನೂ ಸಾಲಾಗಿ ನೋಡ್ಬಿಡ್ಬೇಕು ಕಣಮ್ಮ. ಮಧ್ಯ ಒಂದೂ ಬಿಟ್ಟು ಹೋಗ್ಬಾರ್ದು."

"ದಸರಾ ಕಳೆದ ಮೇಲೆ ತರ್ತೀನಿ ಸಾರ್" ಎಂದು ಮಾತು ಕೊಟ್ಟೆ.

ಆರು ತಿಂಗಳು ನನಗೆ ಬೇರೆ ಲೋಕ ಇರಲಿಲ್ಲ. ಟಿವಿ ಇಲ್ಲ, ನೆಂಟರಿಲ್ಲ, ಮದುವೆಗೆ ಹೋದರೂ ಕವರು ಚೆನ್ನಾಗಿದೆಯಾ ಅಂತ ನೋಡಿಕೊಂಡು ಬರುತ್ತಿದ್ದೆ. ಸುಖವಾಗಿದ್ದೆ. ಶ್ರಾವಣ ಮುಗಿಯುವ ಹೊತ್ತಿಗೆ ಆಲ್ಬಮ್ಮಿಗೆ ಹಾಕಲು ಉಳಿದದ್ದು 'ಮ' ಅಕ್ಷರದ ಬಾಕ್ಸ್ ಒಂದೇ. ಅಷ್ಟರಲ್ಲಿ ಜಡಿಮಳೆ ಹಿಡಿದು ಮಹಡಿ ಕೋಣೆಯ ಗೋಡೆ ಜಿನುಗಿತು. ನೀರು ನೇರ ಆ ಬಾಕ್ಸಿಗೇ ಇಳಿದಿತ್ತು. ತೆರೆದು ಕವರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಎಲ್ಲಕ್ಕೂ ತೇವ. ಅದರಲ್ಲೂ ಮಂಗೋಲಿಯಾದ ಕವರು ಚೆನ್ನಾಗಿ ಒದ್ದೆ.

"ಅಕ್ಕನ ಮನೆ ಅಟ್ಟಕ್ಕೆ ತಗೊಂಡ್ಹೋಗು" ಅಂದರು ಯಜಮಾನರು. "ಕೊಬ್ಬರಿ ಒಣಗೋ ಜಾಗ, ಸ್ಟಾಂಪ್ ಒಣಗಲ್ವಾ?"

ಅವರು ವರ್ಷಕ್ಕೊಂದು ಬುದ್ಧಿಮಾತು ಹೇಳುತ್ತಾರೆ, ಆ ವರ್ಷದ್ದು ಅದು. ನಮ್ಮಕ್ಕ ಇರುವುದು ಗುಬ್ಬಿ ಪಕ್ಕದ ಹಳ್ಳಿಯಲ್ಲಿ. ಅವಳ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ಒಂದು ವರ್ಷ ಹಾಗೇ ಕೂತು, ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಹೊರಗೆ ಎಂಥ ಮಳೆ ಬಂದರೂ ಅಲ್ಲಿ ಬೆಚ್ಚಗೆ. ಬಾಕ್ಸನ್ನು ಅಟ್ಟಕ್ಕೇರಿಸಿ, ಅಕ್ಕನಿಗೆ ಮುಟ್ಟಬೇಡ ಎಂದು ಹತ್ತು ಸಲ ಹೇಳಿ ಬಂದೆ. ಹತ್ತು ಸಲ ಹೇಳಿದ್ದೇ ತಪ್ಪಾಯಿತು ಅಂತ ಈಗ ಅನ್ನಿಸುತ್ತದೆ. ನಮ್ಮಕ್ಕನಿಗೆ ಬೇಡ ಅಂದದ್ದನ್ನು ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ.

ಎರಡು ವಾರದ ಮೇಲೆ ಯಜಮಾನರು ಅಲ್ಲಿಗೆ ಹೋದರು. ಪ್ರತಿ ವರ್ಷ ನಮಗೆ ರಾಗಿ ಅಕ್ಕನ ಮನೆಯದೇ. ಈ ಸಲ ಮೇಷ್ಟ್ರಿಗೂ ಒಂದು ಚಿಕ್ಕ ಮೂಟೆ ಕೊಡುವುದೆಂದು ಮಾತಾಗಿತ್ತು. ಅಕ್ಕ ತೋಟದಲ್ಲಿದ್ದಳಂತೆ, ಇವರೇ ಡ್ರಮ್ಮಿನಿಂದ ಎರಡು ಮೂಟೆ ತುಂಬಿಕೊಂಡರು. ಒಂದನ್ನು ಕುಣಿಗಲ್ಲಿಗೆ ಹೋಗಿ ಮೇಷ್ಟ್ರ ಮಗಳ ಕೈಗೆ ಕೊಟ್ಟರು, ಇನ್ನೊಂದನ್ನು ಮನೆಗೆ ತಂದರು. ನಮ್ಮ ಮೂಟೆಯನ್ನು ಮಾರನೆಯ ದಿನವೇ ಮಿಲ್ಲಿಗೆ ಹಾಕಿಸಿದೆವು.

ದಸರಾ ಮುಗಿದ ಮೇಲೆ ಬಾಕ್ಸ್ ತರಲು ಹೋದೆ. ಎಲ್ಲ ಕವರೂ ಗರಿಗರಿಯಾಗಿ ಒಣಗಿದ್ದವು. ಮಂಗೋಲಿಯಾ ಇರಲಿಲ್ಲ.

"ಅಟ್ಟದಲ್ಲಿ ಇಲಿ ಓಡಾಡ್ತಿತ್ತು ಕಣೇ" ಅಂದಳು ಅಕ್ಕ. "ಅದೊಂದು ಕವರು ಒದ್ದೆ ಬೇರೆ ಇತ್ತು. ತಗೊಂಡು ರಾಗಿ ಡ್ರಮ್ಮಲ್ಲಿ ಹುದುಗ್ಸಿದೀನಿ. ರಾಗಿಗೆ ಹುಳ ಬೀಳಲ್ಲ, ತೇವಾನೂ ಎಳ್ಕೊಳುತ್ತೆ. ಬಿತ್ತನೆ ಬೀಜ, ಓಲೆ, ಎಲ್ಲಾ ನಾನು ಇಡೋದು ಅಲ್ಲೇ ಅಲ್ವ? ಮೇಲೆ ಗಣಪತಿ ಇರೋ ಕವರನ್ನ ನೆಲದ ಮೇಲೆ ಹೆಂಗೇ ಇಡ್ಲಿ?"

ಮೊಣಕೈ ತನಕ ಡ್ರಮ್ಮಿನೊಳಗೆ ಇಳಿದು ಹುಡುಕಿದೆವು. ತಳದಲ್ಲಿ ನಾಲ್ಕು ಸೇರು ರಾಗಿ ಉಳಿದಿತ್ತು, ಅಷ್ಟೇ. ಯಜಮಾನರಿಗೆ ಫೋನ್ ಮಾಡಿದೆ.

"ಮೊರದಲ್ಲಿ ತುಂಬಿದ್ರೆ ಕಾಣ್ತಿತ್ತೇನೋ" ಅಂದರು ಮೆಲ್ಲಗೆ. "ನಾನು ಡ್ರಮ್ ಬಗ್ಗಿಸಿ ಸುರ್ಕೊಂಡೆ."

ಅವತ್ತು ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕನನ್ನೂ ಬಿಡಲಿಲ್ಲ, ಯಜಮಾನರನ್ನೂ ಬಿಡಲಿಲ್ಲ. ಮನೆಗೆ ಬಂದು ಹಿಟ್ಟಿನ ಡಬ್ಬವನ್ನೆಲ್ಲ ಪೇಪರಿನ ಮೇಲೆ ಸುರಿದು ಜರಡಿ ಹಿಡಿದೆ. ಕುದುರೆಯ ಒಂದು ಗೊರಸಿನಷ್ಟು ಕಾಗದವೂ ಸಿಗಲಿಲ್ಲ. ಅಂದರೆ ಅದು ಕುಣಿಗಲ್ ಮೂಟೆಯಲ್ಲಿ ಹೋಗಿದೆ.

ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಜೀವಮಾನವಿಡೀ ಒಂದು ಕಡತವನ್ನೂ ಕಳೆಯದ ನಾನು, ಮೇಷ್ಟ್ರು ನಂಬಿ ಕೊಟ್ಟ ಮಂಗೋಲಿಯಾವನ್ನು ರಾಗಿಯ ಜೊತೆ ಸುರಿದುಬಿಟ್ಟೆವು ಅಂತ ಯಾವ ಬಾಯಲ್ಲಿ ಹೇಳಲಿ? ಅಲ್ಲಿಗೆ ಹೋದಾಗ ಉಪಾಯವಾಗಿ ಮೂಟೆಯಲ್ಲಿ ಹುಡುಕಿಕೊಂಡರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭೂತಾನ್ ಆದ ಮೇಲೆ ಒಂದು ಹಾಳೆಯಲ್ಲಿ ಮಂಗೋಲಿಯಾ ಎಂದು ಚೆಂದವಾಗಿ ಹೆಸರು ಬರೆದು ಖಾಲಿ ಬಿಟ್ಟೆ.

ನಾಲ್ಕು ದಿನ ಬಿಟ್ಟು ಭಾನುವಾರ, ಕಾರಿನ ತುಂಬ ಆಲ್ಬಮ್ ಹೇರಿಕೊಂಡು ಇಬ್ಬರೂ ಕುಣಿಗಲ್ಲಿಗೆ ಹೋದೆವು. ನಾನು ಮೊದಲು ಹೋದದ್ದು ಅಡುಗೆಮನೆಗೆ.

"ನಾವು ಕೊಟ್ಟ ರಾಗೀಲಿ ಕಲ್ಲಿರಬಹುದು ಕಣಮ್ಮ, ಮೊರ ಕೊಡು, ಕೇರಿಕೊಡ್ತೀನಿ" ಅಂದೆ ಮೇಷ್ಟ್ರ ಮಗಳಿಗೆ.

"ಅಯ್ಯೋ, ಆಗ್ಲೇ ಕೇರಿ ಮಿಲ್ಲಿಗೂ ಹಾಕ್ಸಿದ್ದಾಯ್ತು ಅಕ್ಕಾ" ಎಂದು ಅವಳು ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಅವಳ ಮುಖ ನೋಡದೆ ನಡುಮನೆಗೆ ಬಂದುಬಿಟ್ಟೆ. ಕೇರುವಾಗ ಸಿಕ್ಕಿದ್ದರೆ ಅವಳು ಹೇಳುತ್ತಿದ್ದಳಲ್ಲ, ಕುದುರೆಗಳು ಹಿಟ್ಟಾಗಿ ಹೋದವು, ಇನ್ನು ಮುಗಿಯಿತು ಅಂದುಕೊಂಡೆ.

ಮೇಷ್ಟ್ರು ಕಿಟಕಿ ಪಕ್ಕದ ಮಂಚದ ಮೇಲೆ ಕೂತಿದ್ದರು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಒಂದೊಂದೇ ಆಲ್ಬಮ್ ಅವರ ತೊಡೆಯ ಮೇಲಿಟ್ಟು ನಾನು ಹಾಳೆ ತಿರುಗಿಸಿದೆ. ಕೋಳಿ ಕಾಳು ನೋಡುವ ಹಾಗೆ ತಲೆಯನ್ನು ಓರೆ ಮಾಡಿ, ಒಂದೊಂದು ಸ್ಟಾಂಪನ್ನೂ ಕಣ್ಣಿನ ಅಂಚಿನಲ್ಲಿ ಹಿಡಿದು ನೋಡಿದರು. ಈಜಿಪ್ಟಿನ ಮುಂದೆ ತುಂಬ ಹೊತ್ತು ನಿಂತರು. ಜಪಾನಿನ ಕೊಕ್ಕರೆಗಳನ್ನು ನೋಡಿ "ಇವು ನನ್ಹತ್ರ ಇದ್ವಾ?" ಎಂದು ಬೆರಗಾದರು.

ಭಾರತ ಆಯಿತು, ಭೂತಾನ್ ಆಯಿತು. ಬೆರಳಿಗೆ ಎಂಜಲು ಹಚ್ಚಿ ಎರಡು ಹಾಳೆ ಒಟ್ಟಿಗೆ ತಿರುಗಿಸಿದೆ. ಕಣ್ಣು ಕಾಣದವರಿಗೆ ಮೋಸ ಮಾಡಿದೆ. ಅದಕ್ಕೆ ಬೇರೆ ಹೆಸರಿಲ್ಲ.

"ತಡಿ" ಅಂದರು ಮೇಷ್ಟ್ರು. "ಇದ್ಯಾವ್ದಮ್ಮ?"

"ಮಡಗಾಸ್ಕರ್ ಸಾರ್."

"ಎರಡು ಹಾಳೆ ಒಟ್ಟಿಗೆ ಹೋದ ಸದ್ದು ಬಂತಲ್ಲ. ನನಗೆ ಹೋಗಿರೋದು ಕಣ್ಣು, ಕಿವಿ ಅಲ್ಲ."

ನನಗೆ ಅಳು ಬಂತು. ಅರವತ್ತು ದಾಟಿದ ಹೆಂಗಸು, ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ ಅಲ್ಲೇ ಕೂತು ಸೋರುವ ಗೋಡೆ, ಅಟ್ಟ, ಡ್ರಮ್ಮು, ಮೂಟೆ ಎಲ್ಲವನ್ನೂ ಒಪ್ಪಿಸಿದೆ. ಯಜಮಾನರು ಎದ್ದು, "ಸುರ್ಕೊಂಡಿದ್ದು ನಾನು ಸಾರ್" ಅಂದರು. ಅವರನ್ನು ಅಷ್ಟೊಂದು ಬೈದದ್ದಕ್ಕೆ ಆಗ ನನಗೆ ನಾಚಿಕೆಯಾಯಿತು.

ಮೇಷ್ಟ್ರು ದಿಂಬಿನ ಕೆಳಗೆ ಕೈ ಹಾಕಿ ಗಣಪತಿಯ ಕವರನ್ನು ತೆಗೆದರು.

"ಕೇರುವಾಗ ಸಿಕ್ತು ಅಕ್ಕಾ" ಅಂದಳು ಬಾಗಿಲಲ್ಲಿ ನಿಂತಿದ್ದ ಮಗಳು. "ಯಾರದೋ ಮದುವೆ ಅಂತ ರಾಗಿ ಜೊತೆ ಪತ್ರಿಕೆ ಇಟ್ಟಿದೀರ ಅನ್ಕೊಂಡೆ. ಅಪ್ಪ ಯಾರಿಗೂ ಹೇಳ್ಬೇಡ ಅಂದ್ರು."

"ಇವಳು ಯಾವಾಗ ಫೋನ್ ಮಾಡ್ತಾಳೆ ಅಂತ ಕಾಯ್ತಿದ್ದೆ" ಅಂದರು ಮೇಷ್ಟ್ರು. "ಅಂತೂ ಮಾಡ್ಲಿಲ್ಲ. ನನ್ನ ಕುದುರೆಗಳನ್ನ ರಾಗಿ ಮೇಯೋಕೆ ಬಿಟ್ಟಿದ್ಯಲ್ಲ, ಕುಳ್ಳು ಅಂತಲಾ?"

ಅಳುತ್ತಿದ್ದವಳಿಗೆ ನಗು ಬಂತು. ಕವರು ಬಿಚ್ಚಿ ನೋಡಿದರೆ ಸ್ಟಾಂಪುಗಳು ಒಂದಕ್ಕೊಂದು ಅಂಟಿರಲಿಲ್ಲ, ಮೂಲೆ ಮುದುಡಿರಲಿಲ್ಲ. ನನ್ನ ಹಾಸಿಗೆ, ಪೇಪರು, ಬೀರು ಯಾವುದೂ ಅಷ್ಟು ಚೆನ್ನಾಗಿ ಒಣಗಿಸಿರಲಿಲ್ಲ. ಈಗ ನನ್ನ ಒಂದೊಂದು ಬಾಕ್ಸಿನ ಮೂಲೆಯಲ್ಲೂ ಒಂದೊಂದು ಬಟ್ಟೆಗಂಟಿನಲ್ಲಿ ಅಕ್ಕನ ರಾಗಿಯಿದೆ. ಅವಳಿಗೆ ಮಾತ್ರ ಇನ್ನೂ ಹೇಳಿಲ್ಲ, ಹೇಳಿದರೆ ಹಿಡಿಯುವುದು ಕಷ್ಟ.

ಖಾಲಿ ಹಾಳೆಯನ್ನು ತೆರೆದು ಕೊಟ್ಟೆ. ಮೇಷ್ಟ್ರು ಅಂಚನ್ನು ಬೆರಳಿನಿಂದ ಸವರಿ ಜಾಗ ಹಿಡಿದು, ಕುದುರೆಗಳನ್ನು ಒಂದೊಂದಾಗಿ ತಾವೇ ಸೇರಿಸಿದರು. ಒಂದು ಕುದುರೆ ತಲೆಕೆಳಗಾಗಿ ನಿಂತಿತು. ನಾನು ಸರಿಮಾಡಲಿಲ್ಲ, ಇವತ್ತಿಗೂ ಅದು ಹಾಗೇ ಇದೆ.

"ಈಗ ತಿರುಗ್ಸು. ಒಂದೊಂದೇ" ಅಂದರು.

ಒಂದೊಂದೇ ತಿರುಗಿಸಿದೆ. ಊಟಕ್ಕೆ ಕರೆದರೂ ಅವರು ಏಳಲಿಲ್ಲ. ಹಂಗೇರಿ, ಹಾಲೆಂಡ್, ಹೈಟಿ ದಾಟಿ ಹೊಂಡುರಾಸ್ ಬಂತು. ಅದರ ಗಿಳಿಯನ್ನು ತಲೆ ಓರೆ ಮಾಡಿ ನೋಡಿ, ಆಲ್ಬಮ್ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು.

"ಒಂದೂ ಬಿಟ್ಟಿಲ್ವಲ್ಲಮ್ಮ?"

"ಇಲ್ಲ ಸಾರ್" ಅಂದೆ. ಈ ಸಲ ಅವರ ಮುಖ ನೋಡಿಕೊಂಡೇ ಹೇಳಿದೆ.