ಬೋಲ್ಟಿನ ಕೆಳಗಿನ ಬಣ್ಣ

ನಮ್ಮ ಅತ್ತೆಯ ಬಲಗೈ ಮಣಿಕಟ್ಟಿನ ಸುತ್ತ ಬಳೆಯಷ್ಟೇ ಅಗಲದ ಸುಟ್ಟ ಕಲೆ ಇತ್ತು. ಯಾವುದೋ ಕಾರಿನ ಬ್ಯಾಟರಿ ಬಿಚ್ಚುವಾಗ ಚಿನ್ನದ ಬಳೆ ಪ್ಲಸ್ಸಿಗೂ ಕಾರಿನ ಮೈಗೂ ಒಟ್ಟಿಗೆ ತಗುಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಾದು ಕೆಂಪಾಗಿತ್ತಂತೆ. ಬೇರೆಯವರಾಗಿದ್ದರೆ ಆ ಕಲೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮತ್ತೆ ಮದುವೆಮನೆಯಲ್ಲೂ ಆ ಕೈಯನ್ನೇ ಮುಂದೆ ಮಾಡಿ ಬಡಿಸುವವರು, ಕೇಳಿದವರಿಗೆಲ್ಲ ಅದರ ಕಥೆ ಹೇಳುವವರು. ಜಂಬ ಅಂದರೆ ಜಂಬವೇ. ಸೊಸೆಯಾದ ನನಗೇನೋ ಅದು ಇಷ್ಟವಾಗುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಕಾರು ವೈರಿಂಗ್ ಅಂಗಡಿ. ಒಂದು ಶಟರ್, ಮುಂದೆ ಕಾರು ನಿಲ್ಲಿಸಲು ಒಂದಿಷ್ಟು ಜಾಗ, ಹಿಂದಿನ ಗೋಡೆಯಾಚೆ ಹಗಲೆಲ್ಲ ಸದ್ದು ಮಾಡುವ ಮಗ್ಗಗಳು. ಅಂಗಡಿ ಮಾವನದು. ಅವರ ಪಕ್ಕ ಕೂತು ಟೇಪು ಸುತ್ತುತ್ತ, ದೀಪ ಹಿಡಿಯುತ್ತ ಅತ್ತೆ ಕೆಲಸ ಕಲಿತಿದ್ದರು. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಸುತ್ತಲಿನ ಊರುಗಳಲ್ಲಿ ಯಾರ ಮನೆ ಮುಂದೆ ನೋಡಿದರೂ ಬಾಡಿಗೆ ಕಾರು. ಹೊಸದು ಕೊಳ್ಳಲಾಗದವರು ಹಳೆಯದನ್ನೇ ತಂದು ತಿದ್ದಿ ಓಡಿಸುತ್ತಿದ್ದರು. ಹೀಗೆ ಕೈತುಂಬ ಕೆಲಸ ಬರತೊಡಗಿದ ಹೊತ್ತಿಗೇ ಮಾವನ ಕೈ ನಡುಗಲು ಶುರುವಾಯಿತು. ತಂತಿ ಸುಲಿಯುವುದೂ ಅವರಿಂದ ಆಗದಾಯಿತು. ಅತ್ತೆ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತರು.

ಆದರೆ ಡ್ರೈವರುಗಳು ಬಂದು ಮಾವನನ್ನೇ ಹುಡುಕುತ್ತಿದ್ದರು. ಅವರು ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ತಿಳಿದ ಕೂಡಲೇ ಆಮೇಲೆ ಬರುತ್ತೇವೆ ಎಂದು ಹೊರಟುಬಿಡುತ್ತಿದ್ದರು. ಆಮೇಲೆ ಯಾರೂ ಬರುತ್ತಿರಲಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡೋಣ ಎಂಬ ಮಾತು ಮನೆಯಲ್ಲಿ ಎದ್ದಿತ್ತು. ಆ ಮಾತು ಬಂದಾಗಲೆಲ್ಲ ಅತ್ತೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು.

ಯಾವ ಹಳೆಯ ಕಾರು ಬಂದರೂ ಅವರು ಮೊದಲು ನೋಡುತ್ತಿದ್ದದ್ದು ಅರ್ತ್. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟು ದೀಪಕ್ಕೋ ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರಿಗೋ ಹೋಗಿ, ಕಾರಿನ ಕಬ್ಬಿಣದ ಮೈ ಹಿಡಿದು ಮೈನಸ್ಸಿಗೆ ಮರಳಬೇಕು. ಆ ಮರಳುವ ದಾರಿಯೇ ಅರ್ತ್. ತುಕ್ಕು ಹಿಡಿದೋ ಬೋಲ್ಟು ಸಡಿಲಾಗಿಯೋ ಅದು ಕೆಟ್ಟರೆ, ಎಲ್ಲ ಸರಿಯಿದ್ದೂ ಏನೂ ನಡೆಯುವುದಿಲ್ಲ. "ಕರೆಂಟ್ ಹೋಗೋ ದಾರೀನ ಎಲ್ರೂ ನೋಡ್ತಾರೆ ಕಣಮ್ಮ. ವಾಪಸ್ ಯಾವ್ ಕಡೆಯಿಂದ ಬತ್ತದೆ ಅಂತ ಕೇಳೋರೇ ಇಲ್ಲ" ಎಂದು ನನಗೆ ಹೇಳುತ್ತಿದ್ದರು.

ಒಂದು ಆಯುಧಪೂಜೆ ಮುಗಿದ ಮೇಲೆ ತೂಬಗೆರೆ ಕಡೆಯ ಡ್ರೈವರೊಬ್ಬ ತನ್ನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಬಾನೆಟ್ಟಿನ ಮೇಲಿನ ಅರಿಶಿನ ಕುಂಕುಮ ಇನ್ನೂ ಮಾಸಿರಲಿಲ್ಲ. ಸೆಲ್ಫ್ ತಿರುಗುತ್ತಿರಲಿಲ್ಲ. ಬ್ಯಾಟರಿ ಬದಲಾಯಿಸಿದ್ದ, ಸೆಲ್ಫ್ ಮೋಟರನ್ನು ಬೇರೆ ಕಡೆ ರಿಪೇರಿ ಮಾಡಿಸಿದ್ದ. ಸಾಲದ್ದಕ್ಕೆ ಆಕ್ಸಿಲರೇಟರ್ ಕೂಡ ಬಿಗಿ ಹಿಡಿಯುತ್ತಿದೆ ಎಂದು ಗೊಣಗಿದ. ಅಂದು ಬೆಳಿಗ್ಗೆ ಏರ್‌ಪೋರ್ಟಿಗೆ ತಳ್ಳಿಸಿಕೊಂಡು ಹೊರಟ ಕಾರು ಅರ್ಧದಾರಿಯಲ್ಲಿ ಒಮ್ಮೆ ನಿಲ್ಲಿಸಿದ್ದಕ್ಕೆ ಮತ್ತೆ ಏಳದೆ, ಒಳಗಿದ್ದವರನ್ನು ಬೇರೆ ಕಾರಿಗೆ ಹತ್ತಿಸಬೇಕಾಗಿ ಬಂದಿತ್ತು. ಮಾವನಿಂದಲೂ ಆಗದಿದ್ದರೆ ಕಾರನ್ನು ಗುಜರಿಗೆ ಹಾಕಿಬಿಡುತ್ತೇನೆ ಎಂದ.

ಅತ್ತೆ ಹತ್ತಿರ ಹೋಗುತ್ತಲೇ ಆತ ಬಾನೆಟ್ಟಿನ ಮೇಲೆ ಕೈಯೂರಿದ. "ಬೇಡ ಬುಡಿ ಅಮ್ಮ. ಹೆಂಗಸರ ಕೈಲಿ ಆಗೋ ಕೆಲಸ ಅಲ್ಲ ಇದು. ಯಜಮಾನ್ರು ಒಂದ್ ಕಿತ ನೋಡ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮಾವ ಕುರ್ಚಿಯಲ್ಲಿ ಕೂತು ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅತ್ತೆಗೆ ಮಾತ್ರ ಸಿಟ್ಟು ಬರಲಿಲ್ಲ.

"ನಾನೇನೂ ಬಿಚ್ಚಲ್ಲಪ್ಪ, ಮುಟ್ಟಿ ನೋಡ್ತೀನಿ ಅಷ್ಟೆ. ನೀನ್ ಹೋಗಿ ಸೆಲ್ಫ್ ಹೊಡಿ" ಎಂದರು.

ಆತ ಒಲ್ಲದ ಮನಸ್ಸಿನಿಂದ ಕೀ ತಿರುಗಿಸಿದ. ಟಕ್ ಎಂದು ಸದ್ದಾಗಿ ನಿಂತಿತು. ಅತ್ತೆ ಆಕ್ಸಿಲರೇಟರ್ ಕೇಬಲ್ಲಿಗೆ ಅಂಗೈ ಹಿಂಬದಿ ತಾಕಿಸಿ, ತಟ್ಟನೆ ಕೈ ಎಳೆದುಕೊಂಡರು. ಅದು ಸುಡುತ್ತಿತ್ತು. ಸೆಲ್ಫಿಗೆ ಹೋದ ಅಷ್ಟೂ ಕರೆಂಟು ತನ್ನ ದಾರಿ ಮುಚ್ಚಿದ್ದರಿಂದ ಆ ತೆಳ್ಳನೆಯ ಕೇಬಲ್ಲಿನಲ್ಲಿ ನುಗ್ಗಿ ಮರಳುತ್ತಿತ್ತು; ಒಳಗಿನ ಕವಚ ಕರಗಿ ಆಕ್ಸಿಲರೇಟರ್ ಬಿಗಿಯಾಗಿತ್ತು. ಅತ್ತೆ ಒಂದು ದಪ್ಪ ವೈರನ್ನು ಬ್ಯಾಟರಿಯ ಮೈನಸ್ಸಿನಿಂದ ನೇರ ಇಂಜಿನ್ನಿಗೆ ಹಿಡಿಸಿ, ಮತ್ತೊಮ್ಮೆ ಹೊಡೆಯಲು ಹೇಳಿದರು. ಇಂಜಿನ್ ಒಂದೇ ಏಟಿಗೆ ಗುಡುಗಿತು. ಟ್ರ್ಯಾಕ್ಟರಿನವನು ಹಲ್ಲು ಬಿಟ್ಟು ಹಗ್ಗ ಸುತ್ತಿಕೊಳ್ಳತೊಡಗಿದ.

ಆಮೇಲೆ ಅತ್ತೆ ಗೋಣಿತಾಟು ಹಾಸಿ ಕಾರಿನ ಕೆಳಗೆ ಮಲಗಿದರು. ಇಂಜಿನ್ನಿನಿಂದ ಕಾರಿನ ಮೈಗೆ ಬರುವ ಅರ್ತ್ ಪಟ್ಟಿಯ ಬೋಲ್ಟಿನ ಕೆಳಗೆ ಮಿರಮಿರ ಮಿಂಚುವ ಕಪ್ಪು ಬಣ್ಣ ಇತ್ತು. ಪೂಜೆಗೆಂದು ಆತ ಎಲ್ಲ ಬಿಚ್ಚಿ ತೊಳೆದು, ಒಂದು ಸಂದಿಯೂ ಬಿಡದೆ ತಾನೇ ಬಣ್ಣ ಬಳಿದು, ಅದರ ಮೇಲೆಯೇ ಪಟ್ಟಿಯನ್ನು ಬಿಗಿದಿದ್ದ. ಕಬ್ಬಿಣಕ್ಕೆ ಕಬ್ಬಿಣ ತಾಗುವುದೇ ನಿಂತುಹೋಗಿತ್ತು. ಆತನ ಮುಖ ಸಣ್ಣದಾಯಿತು. ಅತ್ತೆ ಬೈಯಲಿಲ್ಲ.

"ಪೂಜೆ ಚೆನ್ನಾಗೇ ಮಾಡಿದೀಯ ಬುಡಪ್ಪ. ಇದೊಂದ್ ಜಾಗ ಮಾತ್ರ ಹಂಗೇ ಬುಟ್ಬುಡು" ಎನ್ನುತ್ತ ಉಪ್ಪುಕಾಗದದಿಂದ ಬಣ್ಣವನ್ನೆಲ್ಲ ಉಜ್ಜಿ ತೆಗೆದು, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಸವರಿದರು. ಮಾವ ಕುರ್ಚಿಯಿಂದಲೇ, ಕೇಬಲ್ಲನ್ನೂ ಬದಲಾಯಿಸಿಬಿಡು ಎಂದರು. ಅವರ ಬಾಯಿಂದ ಬಂದ ಹೊಗಳಿಕೆ ಅಷ್ಟೇ. ಅತ್ತೆ ಅಷ್ಟಕ್ಕೇ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆ ಡ್ರೈವರ್ ಸ್ಟ್ಯಾಂಡಿನಲ್ಲಿ ಏನು ಹೇಳಿದನೋ ಕಾಣೆ, ಮುಂದೆ ಅಂಗಡಿ ಮುಂದಿನ ಜಾಗ ಸಾಲದಾಯಿತು. ದಸರಾ ಹತ್ತಿರ ಬಂದರೆ ಅತ್ತೆ ಮದುವೆಗೆ ಕರೆಯುವವರಂತೆ ಡ್ರೈವರುಗಳನ್ನೆಲ್ಲ ನಿಲ್ಲಿಸಿ, ಅರ್ತ್ ಬೋಲ್ಟಿಗೆ ಬಣ್ಣ ಬಳಿಯಬೇಡಿ ಎಂದು ಹೇಳುತ್ತಿದ್ದರು. ಹಾಗಿದ್ದೂ ಯಾರಾದರೂ ಬಳಿದುಕೊಂಡು ಬರುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು. ಅಂಗಡಿ ಬಿಟ್ಟುಕೊಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನಲ್ಲೂರಿನಿಂದ ಸೊಸೆಯಾಗಿ ಬಂದಾಗ ಬಲ್ಬು ಬದಲಾಯಿಸಲೂ ಬಾರದ ನನ್ನನ್ನು ಕಾರಿನ ಕೆಳಗೆ ಮಲಗಿಸಿ ಕೆಲಸ ಕಲಿಸಿದವರು ಅವರೇ. ತಪ್ಪಿದರೆ ತಲೆಗೆ ಮೊಟಕುತ್ತಿದ್ದರು, ಸರಿ ಮಾಡಿದರೆ ಬೀದಿಗೆಲ್ಲ ಹೇಳುತ್ತಿದ್ದರು.

ಮಾವ ಹೋಗಿ ಕೆಲವು ವರ್ಷಗಳಿಗೆ ಅತ್ತೆಯೂ ಹೋದರು. ತಿಥಿ ಮುಗಿಸಿ ಶಟರ್ ಎತ್ತಿದ ದಿನ, ಫ್ಯಾಕ್ಟರಿಗೆ ರಜೆ ಹಾಕಿದ್ದ ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. ಹಿಂದೆಂದೂ ಕಾಣದ ಡ್ರೈವರೊಬ್ಬ ಬಂದು, ಅಮ್ಮ ಇಲ್ಲವಾ ಎಂದು ಕೇಳಿದ. ವಿಷಯ ಹೇಳಿದೆ. ಆತ ನನ್ನ ಗಂಡನನ್ನು ದಾಟಿಕೊಂಡು ಒಳಗೆ ಬಂದು ಕಾರಿನ ಕೀಯನ್ನು ನನ್ನ ಕಡೆ ಚಾಚಿದ.

"ಹಂಗಾದ್ರೆ ನೀವೇ ನೋಡಿ ಅಕ್ಕ" ಎಂದ.

ಕೀ ಈಸಿಕೊಂಡೆ. ಇದನ್ನು ನೋಡಲು ಅತ್ತೆ ಇರಬೇಕಿತ್ತು. ಬೀದಿಗೆಲ್ಲ ಹೇಳಿ ಬರುತ್ತಿದ್ದರು.