ಟಕ್ ಎನ್ನದ ಕಪ್ಲರ್

ನನ್ನ ಎಡಗೈ ಕಂಡು ನಾನೇ ಹೌಹಾರಿದ ದಿನ ಒಂದಿದೆ. ಐವತ್ತು ದಾಟಿದ ಮನುಷ್ಯ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ ಎಂದರೆ ಕೇಳಿದವರು ನಗಬಹುದು. ನಗಲಿ. ಆ ಬೆಳಿಗ್ಗೆ ಅಂಗಡಿಯ ನೆಲದ ಮೇಲೆ ಕುಸಿದು ಕೂತಿದ್ದ ನನಗೆ ನಗುವವರ ಚಿಂತೆ ಇರಲಿಲ್ಲ.

ನನ್ನದು ಹುಮನಾಬಾದಿನಲ್ಲಿ ಹೆದ್ದಾರಿಗೆ ಮುಖ ಮಾಡಿದ ಅಂಗಡಿ. ಲಾರಿ, ಜೀಪು, ಜನ ಹೊರುವ ಮೂರು ಗಾಲಿಯ ಟಂಟಂಗಳ ವೈರಿಂಗ್ ಕೆಲಸ. ಕೆಲಸ ಕಲಿತದ್ದು ಬಸವಕಲ್ಯಾಣದಲ್ಲಿ. ಲಾರಿಗಳಿಗೇ ಹೆಸರಾದ ಊರು ಅದು. ಅಲ್ಲಿ ಕೈ ಪಳಗಿದರೆ ಎಲ್ಲಿ ಬೇಕಾದರೂ ಬದುಕಬಹುದು ಎಂದು ಅಪ್ಪ ಒಬ್ಬ ಉಸ್ತಾದರ ಬಳಿ ಬಿಟ್ಟು ಬಂದಿದ್ದ. ಮೊದಲ ತಿಂಗಳು ಉಸ್ತಾದರು ನನಗೆ ಕಲಿಸಿದ್ದು ಒಂದೇ ವಿದ್ಯೆ: ಕಪ್ಲರ್ ಕೂಡಿಸುವುದು, ಬಿಡಿಸುವುದು.

ಎರಡು ಕಡೆಯ ವೈರುಗಳನ್ನು ಜೋಡಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ನಾವು ಕಪ್ಲರ್ ಎನ್ನುತ್ತೇವೆ. ಅರ್ಧ ಗಂಡು, ಅರ್ಧ ಹೆಣ್ಣು. ಹೆಣ್ಣಿನ ಬೆನ್ನ ಮೇಲೆ ಉಗುರಿನಷ್ಟು ತೆಳುವಾದ ಒಂದು ನಾಲಿಗೆ, ಅದರ ತುದಿಯಲ್ಲಿ ಕೊಕ್ಕೆ. ಗಂಡಿನ ಮೇಲೊಂದು ಪುಟ್ಟ ಉಬ್ಬು. ಒಂದರೊಳಗೊಂದು ಒತ್ತಿದರೆ ನಾಲಿಗೆ ಸ್ವಲ್ಪ ಎದ್ದು, ಉಬ್ಬನ್ನು ದಾಟಿ, ಆಚೆ ಬಿದ್ದು ಟಕ್ ಎನ್ನುತ್ತದೆ. ಆಮೇಲೆ ಎಳೆದರೂ ಬರುವುದಿಲ್ಲ. ಬಿಡಿಸಬೇಕೆಂದರೆ ಹೆಬ್ಬೆರಳಿನಿಂದ ನಾಲಿಗೆಯನ್ನು ಒತ್ತಿ ಹಿಡಿಯಬೇಕು. ಇಡೀ ಲಾಕ್ ಎಂದರೆ ಇಷ್ಟೇ.

ಉಸ್ತಾದರು ಆ ಸದ್ದಿಗಾಗಿ ಪಕ್ಕದಲ್ಲಿ ಗುರುಗುಡುತ್ತಿದ್ದ ಲಾರಿಯ ಇಂಜಿನ್ನನ್ನೂ ಬಂದ್ ಮಾಡಿಸುತ್ತಿದ್ದರು. "ಟಕ್ ಅಂತೇನು? ಕಿವಿಲೇ ಕೇಳಿದಿ? ಕೇಳಿಲ್ಲಂದ್ರ ಮತ್ತ ಒತ್ತು" ಎನ್ನುತ್ತಿದ್ದರು. ನಾನು ಹೌದೆಂದರೂ ನಂಬದೆ ತಾವೇ ಬಂದು ವೈರು ಹಿಡಿದು ಒಮ್ಮೆ ಜಗ್ಗುತ್ತಿದ್ದರು. ಮುದುಕನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ನಾನು ಬೆನ್ನ ಹಿಂದೆ ಹಲ್ಲು ಕಿರಿಯುತ್ತಿದ್ದೆ.

ಸ್ವಂತ ಅಂಗಡಿ ಇಟ್ಟ ಮೇಲೆ ಆ ಪಾಠ ಮೆಲ್ಲಗೆ ಸವೆಯಿತು. ನಮ್ಮ ಕಡೆಯ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಆ ನಾಲಿಗೆ ಸೆಟೆದುಕೊಳ್ಳುತ್ತದೆ. ಸಂದಿಯಲ್ಲಿ ಧೂಳು ಕೂತು ಹೆಬ್ಬೆರಳು ಸೋತುಹೋಗುವಷ್ಟು ಒತ್ತಿದರೂ ಏಳುವುದಿಲ್ಲ. ಹೊರಗೆ ಡ್ರೈವರು "ಜಲ್ದಿ ಮಾಡ್ರಿ ಮಿಸ್ತ್ರಿ" ಎಂದು ಹಾರ್ನ್ ಬಾರಿಸುತ್ತಿರುತ್ತಾನೆ. ಆಗ ನಮ್ಮ ಸಾಲಿನ ಅಂಗಡಿಗಳವರೆಲ್ಲ ಮಾಡುವ ಒಂದು ಕೆಲಸವಿದೆ. ಸ್ಕ್ರೂಡ್ರೈವರಿನ ತುದಿ ಸಿಕ್ಕಿಸಿ ನಾಲಿಗೆಯನ್ನೇ ಮೀಟಿ ಮುರಿದು ಹಾಕುವುದು. ಕಪ್ಲರ್ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ರಿಪೇರಿ ಮುಗಿದ ಮೇಲೆ ಮತ್ತೆ ಕೂಡಿಸಿ, ಮೇಲೆ ಕರಿ ಟೇಪಿನ ನಾಲ್ಕು ಸುತ್ತು ಹಾಕಿ ಕಳಿಸುವುದು.

ಡ್ರೈವರುಗಳಿಗೂ ಅದೇ ಬೇಕು. "ಲಾಕ್ ಮುರದೇ ಬಿಡ್ರಿ, ದಾರ್ಯಾಗ ಏನರೆ ಆದ್ರ ನಾವೇ ಬಿಚ್ಚಿ ನೋಡ್ಕೋತೀವಿ" ಎನ್ನುತ್ತಾರೆ. ಬರಬರುತ್ತ ಸುಲಭವಾಗಿ ಏಳುವ ಲಾಕನ್ನೂ ನಾನು ಮುರಿಯತೊಡಗಿದೆ. ಕೈಗೆ ರೂಢಿ ಬಿದ್ದಿತ್ತು. ಹೊಸ ಗಾಡಿಗಳಲ್ಲಿ ಲಾಕಿನ ಮೇಲೆ ಕೆಂಪು ಬಣ್ಣದ ಇನ್ನೊಂದು ಲಾಕ್ ಬರುತ್ತದೆ. ಅದನ್ನೂ ಕಿತ್ತೆಸೆದು, "ಮಾಡಿದವರಿಗೇ ತಮ್ಮ ಲಾಕಿನ ಮ್ಯಾಲ ನಂಬಿಗಿ ಇಲ್ಲ, ನಮಗ ಹ್ಯಾಂಗ ಬರಬೇಕು?" ಎಂದು ಗಿರಾಕಿಗಳನ್ನು ನಗಿಸುತ್ತಿದ್ದೆ.

ಇನ್ನೊಂದು ಮಾತು ಹೇಳಬೇಕು. ನಾನು ಎಡಚ. ನಾನು ಸುತ್ತಿದ ಟೇಪು ಉಳಿದವರದಕ್ಕಿಂತ ಉಲ್ಟಾ ದಿಕ್ಕಿಗೆ ಇರುತ್ತದೆ. ಕೊನೆಯ ತುದಿಯನ್ನು ಸಣ್ಣ ಕಿವಿಯ ಹಾಗೆ ಮಡಚಿ ಬಿಡುವುದೂ ನನ್ನದೇ ಅಭ್ಯಾಸ. ಬೇರೆ ಮಿಸ್ತ್ರಿಗಳು ದೂರದಿಂದಲೇ ನೋಡಿ "ಇದು ಎಡಚಂದು" ಎನ್ನುತ್ತಾರೆ. ಅದನ್ನು ಕೇಳಿ ನಾನು ಹೆಮ್ಮೆಪಡುತ್ತಿದ್ದೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ರಾಜೇಶ್ವರದಲ್ಲಿರುವ ನನ್ನ ಅಕ್ಕ ಒಂದು ಡಬ್ಬಿ ತುಂಬ ಸಂಡಿಗೆ ಹಿಡಿದುಕೊಂಡು ನಮ್ಮ ಮನೆಗೆ ಟಂಟಂನಲ್ಲಿ ಹೊರಟಿದ್ದಳು. ಒಳಗೆ ಜಾಗವಿಲ್ಲದೆ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದಳು. ದಾರಿಯಲ್ಲಿ ಯಾರೋ ಕೈ ಮಾಡಿದರು, ಟಂಟಂನವ ಬ್ರೇಕ್ ಹಾಕಿದ, ಹಿಂದಿನಿಂದ ಬಂದ ಲಾರಿ ಗುದ್ದಿತು.

ಸುದ್ದಿ ಬಂದ ಕೂಡಲೇ ನಾನು ಬೈಕಿನಲ್ಲಿ ಹಾರಿದೆ. ರಸ್ತೆಯ ತುಂಬ ಸಂಡಿಗೆ ಚೆಲ್ಲಿತ್ತು. ಅಕ್ಕನನ್ನು ಬೇವಿನ ಗಿಡದ ನೆರಳಿಗೆ ಮಲಗಿಸಿದ್ದರು. ಮೊಣಕಾಲಿನ ಕೆಳಗೆ ಕಾಲು ಬೇರೆಯೇ ದಿಕ್ಕಿಗೆ ತಿರುಗಿತ್ತು. ಪಕ್ಕದಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ಕೂತು ತನ್ನ ಬಾಟಲಿಯಿಂದ ಅವಳಿಗೆ ನೀರು ಕುಡಿಸುತ್ತಿದ್ದ. ತನ್ನ ಹೆಗಲ ದಸ್ತಿಯಿಂದ ಕಾಲು ಕಟ್ಟಿದ್ದ. ಅವನೇ ಲಾರಿ ಡ್ರೈವರ್ ಎಂದು ಯಾರೋ ತೋರಿಸಿದರು.

ಅವನು ಎದ್ದು ನಿಂತು ಕೈ ಮುಗಿದ. "ಅಣ್ಣಾರ, ಟಂಟಂದು ಬ್ರೇಕ್ ಲೈಟ್ ಹತ್ತಲೇ ಇಲ್ರಿ. ಖರೇ ಹೇಳಾಕತ್ತೇನಿ, ನಿಂತದ್ದು ನನಗ ಗೊತ್ತೇ ಆಗ್ಲಿಲ್ಲ" ಎಂದ.

ಮಾತು ಮುಗಿಯುವ ಮೊದಲೇ ನಾನು ಅವನ ಕಪಾಳಕ್ಕೆ ಬಾರಿಸಿದೆ. ಎಡಗೈಯಿಂದ. ಅವನು ತಿರುಗಿ ಕೈ ಎತ್ತಲಿಲ್ಲ, ಓಡಿಹೋಗಲೂ ಇಲ್ಲ. ಸೇರಿದ್ದ ಜನರು "ಇನ್ನೊಂದು ಹಾಕ್ರಿ" ಎಂದರು. ದೊಡ್ಡ ಗಾಡಿಯದೇ ತಪ್ಪು ಎಂಬುದು ನಮ್ಮಲ್ಲಿ ಯಾರೂ ಕೇಳದೆ ಒಪ್ಪುವ ಮಾತು.

ಅಕ್ಕನನ್ನು ಹುಮನಾಬಾದಿನ ಆಸ್ಪತ್ರೆಗೆ ಸೇರಿಸಿ, ಕಾಲಿಗೆ ರಾಡ್ ಹಾಕಿಸಿದೆವು. ಭಾನುವಾರ ಹಿರಿಯರು ಕೂತು ಬಗೆಹರಿಸುವುದೆಂದು ಮಾತಾಯಿತು. ಅಷ್ಟರಲ್ಲಿ ಲಾರಿಯ ಮಾಲೀಕ ಆ ಡ್ರೈವರನ ಕೈಯಿಂದ ಕೀಲಿ ಕಿತ್ತುಕೊಂಡು ಮನೆಗೆ ಕಳಿಸಿದ ಎಂದು ತಿಳಿಯಿತು. ತಪ್ಪು ಅವನದೇ ಎಂದು ತೀರ್ಮಾನವಾದರೆ ಬಸವಕಲ್ಯಾಣದಲ್ಲಿ ಇನ್ಯಾರೂ ಅವನಿಗೆ ಸ್ಟೇರಿಂಗ್ ಕೊಡುವುದಿಲ್ಲ. ಕೇಳಿ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಮೂರನೆಯ ದಿನ ಬೆಳಿಗ್ಗೆ ಟಂಟಂನವ ಗಾಡಿಯನ್ನು ಎಳೆಸಿಕೊಂಡು ನನ್ನ ಅಂಗಡಿಗೇ ತಂದ. "ಹಿಂದಿನ ಲೈಟ್ ಪೂರಾ ಹೊಸಾದು ಹಾಕ್ರಿ ಮಿಸ್ತ್ರಿ" ಎಂದು ಹೇಳಿ ಚಹಾಕ್ಕೆ ಹೋದ. ಹಿಂಬದಿ ಜಜ್ಜಿ ಹೋಗಿತ್ತು. ಒಡೆದ ಬಲ್ಬಿನ ಡೂಮು ತೆಗೆದು, ವೈರು ಹುಡುಕುತ್ತ ಕೈಯನ್ನು ಮುಂದಕ್ಕೆ, ಸೀಟಿನ ಕೆಳಗೆ ಹಾಕಿದೆ. ಅಲ್ಲಿ ಏಟು ಬಿದ್ದಿರಲಿಲ್ಲ, ತಗಡಿಗೆ ಒಂದು ಗೀರೂ ಇರಲಿಲ್ಲ. ಕಪ್ಲರ್ ಬೆರಳಿಗೆ ಸಿಕ್ಕಿತು. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಜೋತಾಡುತ್ತಿದ್ದವು. ಒಳಗಿನ ಪಿನ್ನುಗಳ ಮೇಲೆ ಧೂಳಿನ ಪದರ ಕೂತಿತ್ತು. ಅಂದರೆ ಅದು ಗುದ್ದಿದ ಏಟಿಗೆ ಬಿಚ್ಚಿದ್ದಲ್ಲ, ಅದಕ್ಕೂ ಮೊದಲೇ ಬಿಚ್ಚಿ ಎಷ್ಟೋ ದಿನವಾಗಿತ್ತು. ಲಾಕಿನ ನಾಲಿಗೆ ಬುಡದಲ್ಲೇ ಮುರಿದಿತ್ತು. ಬಿಸಿಲಿಗೆ ಅಂಟು ಕರಗಿ ಸಡಿಲಾದ ಕರಿ ಟೇಪು ಹೆಣ್ಣಿನ ಕುತ್ತಿಗೆಗೆ ಬಳೆಯ ಹಾಗೆ ನೇತಾಡುತ್ತಿತ್ತು. ಉಲ್ಟಾ ಸುತ್ತಿದ ಟೇಪು. ತುದಿಯಲ್ಲಿ ಮಡಚಿದ ಕಿವಿ.

ಅಲ್ಲೇ ನೆಲದ ಮೇಲೆ ಕೂತೆ. ಲೈಟ್ ಹತ್ತಿರಲಿಲ್ಲ. ಆ ಮನುಷ್ಯ ಖರೇ ಹೇಳಿದ್ದ. ಅಕ್ಕನ ಕಾಲು ಮುರಿದದ್ದು ಈ ಕೈ, ಅವನ ಕಪಾಳಕ್ಕೆ ಹೊಡೆದದ್ದೂ ಈ ಕೈ. ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಯಾರೂ ನೋಡಿರಲಿಲ್ಲ. ಕಪ್ಲರನ್ನು ಕತ್ತರಿಸಿ ಚರಂಡಿಗೆ ಎಸೆದಿದ್ದರೆ ಭೂಮಿಯ ಮೇಲೆ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಕತ್ತರಿಸಿದೆ ಕೂಡ. ಎಸೆಯಲು ಕೈ ಎತ್ತಿದವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಧೈರ್ಯದಿಂದಲ್ಲ, ಏನು ಮಾಡಬೇಕೆಂದು ತೋಚದೆ.

ಮಧ್ಯಾಹ್ನ ಆಸ್ಪತ್ರೆಗೆ ಊಟ ಒಯ್ದೆ. ಅಕ್ಕ ನೋವಿನಲ್ಲಿ ಡ್ರೈವರನನ್ನು ಬೈಯುತ್ತಿದ್ದಳು. "ಅವನ ಕೈ ಸೇದಿ ಹೋಗ್ಲಿ" ಎಂದಳು. ನಾನು ತುತ್ತು ಹಿಡಿದಿದ್ದ ಕೈಯನ್ನು ತಟ್ಟನೆ ಹಿಂದೆ ತೆಗೆದುಕೊಂಡೆ. ನನ್ನ ಮುಖ ನೋಡಿ ಅವಳು "ಏನಾಯ್ತೋ?" ಎಂದಳು. ಜೇಬಿನಿಂದ ಕಪ್ಲರ್ ತೆಗೆದು ಹಾಸಿಗೆಯ ಮೇಲಿಟ್ಟು ಎಲ್ಲ ಹೇಳಿಬಿಟ್ಟೆ.

ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಪ್ಲರನ್ನು ಎತ್ತಿ ನನ್ನ ಕೈಗೇ ತಿರುಗಿ ಕೊಟ್ಟಳು. "ತಮ್ಮಾ, ಆ ಮನಶ್ಯಾಗ ಹೊಡದ್ಯಲ್ಲೋ ನೀ" ಎಂದಳು. "ನನಗ ನೀರ ಕುಡಿಸಾಕತ್ತಿದ್ದ ಅವ. ನನ್ನ ಕಾಲ ಹ್ಯಾಂಗರೆ ಕೂಡ್ತದ. ನೀ ಮದ್ಲ ಅವನ ಮನಿಗಿ ಹೋಗು." ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ದಿನ ನನ್ನ ಕೈಯಿಂದ ಅವಳು ಉಣ್ಣಲಿಲ್ಲ.

ಬಸವಕಲ್ಯಾಣದಲ್ಲಿ ಅವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ನಿಂತು ನಾನು ಯಾರೆಂದು ಹೇಳಿದ ಕೂಡಲೇ ಅವನ ಹೆಂಡತಿ ಒಳಗೆ ಸರಿದಳು, ಮತ್ತೆ ಹೊಡೆಯಲು ಬಂದಿದ್ದೇನೆ ಎಂದುಕೊಂಡಿರಬೇಕು. ಅವನು ಹೊರಗೆ ಬಂದು ಕಟ್ಟೆಯ ಮೇಲೆ ಜಾಗ ತೋರಿಸಿ "ಕುಂದರ್ರಿ" ಎಂದ. ನನಗೆ ಕೂಡಲಾಗಲಿಲ್ಲ. ನಿಂತೇ ಹೇಳಿದೆ. ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿದ. "ಬ್ಯಾಡ್ರಿ. ನನ್ನ ಮಾಲೀಕಗ ಹೇಳ್ರಿ, ಸಾಕು" ಎಂದ.

ಅವನಿಂದ ನಂಬರ್ ತೆಗೆದುಕೊಂಡು ಅಲ್ಲಿಂದಲೇ ಮಾಲೀಕನಿಗೆ ಫೋನ್ ಮಾಡಿದೆ. ತಪ್ಪು ನನ್ನದು, ಭಾನುವಾರ ಹಿರಿಯರ ಮುಂದೆಯೂ ಇದನ್ನೇ ಹೇಳುತ್ತೇನೆ ಎಂದೆ. ಮಾಲೀಕ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಲಾರಿ ಹೊರಗೆ ಹೋಗಿದೆ, ತಿರುಗಿ ಬಂದ ಕೂಡಲೇ ಕೀಲಿ ಅವನಿಗೇ ಕೊಡುತ್ತೇನೆ ಎಂದ. ಬಾಗಿಲ ಹಿಂದೆ ಅವನ ಹೆಂಡತಿ ಬಿಕ್ಕಿದ್ದು ಕೇಳಿಸಿತು. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

ಡ್ರೈವರ್ ಮಾತ್ರ ಕಟ್ಟೆಯ ಮೇಲೆ ಕೂತು, ನಾನು ತಂದುಕೊಟ್ಟಿದ್ದ ಕಪ್ಲರನ್ನು ಕೈಯಲ್ಲಿ ಹಿಡಿದು ಕೂಡಿಸುತ್ತಿದ್ದ, ಬಿಡಿಸುತ್ತಿದ್ದ. ಸದ್ದಿಲ್ಲದೆ ಕೂಡುತ್ತಿತ್ತು, ಸದ್ದಿಲ್ಲದೆ ಬಿಡುತ್ತಿತ್ತು. ಸದ್ದು ಬರಲು ಅದರಲ್ಲಿ ನಾಲಿಗೆಯೇ ಇರಲಿಲ್ಲ. ಅವನ ಕೈ ಇದ್ದಕ್ಕಿದ್ದಂತೆ ನಿಂತಿತು.

"ಮಿಸ್ತ್ರಿ, ದೀಪಾವಳಿ ಮುಂದ ನಮ್ಮ ಲಾರಿದು ಹಿಂದಿನ ವೈರಿಂಗ್ ನಿಮ್ಮ ಅಂಗಡ್ಯಾಗೇ ಆಗಿತ್ತಲ್ರಿ? ನಾ ಆಗ ರಜಾದಾಗಿದ್ದೆ, ಬ್ಯಾರೆ ಡ್ರೈವರ್ ತಂದಿದ್ದ. ಅದೂ ಹಿಂಗೇ ಏನ್ರಿ?"

ನೆನಪಿರಲಿಲ್ಲ. ಆದರೆ ನೆನಪಿನ ಅಗತ್ಯವೇ ಇರಲಿಲ್ಲ, ನನ್ನ ಕೈ ಮಾಡುವುದು ಒಂದೇ ರೀತಿ. ಹೌದೆಂದು ತಲೆ ಆಡಿಸಿದೆ.

ಅವನು ಎದ್ದು ನಿಂತು, ಆಗ ಲಾರಿ ಒಯ್ದಿದ್ದ ಡ್ರೈವರನಿಗೆ ಫೋನ್ ಹಚ್ಚಿದ. ಈಗ ಇವನ ಕೀಲಿ ಹಿಡಿದು ಲಾರಿ ಹೊರಗೆ ಒಯ್ದವನೂ ಅವನೇ. ನನಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಎಲ್ಲಿದ್ದಿ? ಗಾಡಿ ಬದಿಗಿ ಹಚ್ಚು. ಹಿಂದ ಹೋಗಿ ಲೈಟಿನ ಕಪ್ಲರ್ ಹಿಡದು ನೋಡು."

ಇಂಜಿನ್ ಬಂದ್ ಆದದ್ದು, ಬಾಗಿಲು ಬಡಿದದ್ದು ಕೇಳಿಸಿತು. ಆಮೇಲೆ ಹೆಜ್ಜೆಗಳು. ಪಕ್ಕದಲ್ಲೇ ದೊಡ್ಡ ಗಾಡಿಯೊಂದು ಭರ್ರೆಂದು ಹಾದುಹೋಯಿತು.

"ಕೂಡಿಕೊಂಡೇ ಇತ್ತು" ಎಂದ ಆ ಕಡೆಯವನು. "ಆದ್ರ ಮುಟ್ಟಿದ ಕೂಡ್ಲೇ ಬಿಚ್ಚಿ ಕೈಯಾಗ ಬಂತು. ಲಾಕೇ ಇಲ್ಲ ಇದಕ್ಕ. ಏನ್ ಮಾಡ್ಲಿ?"

"ಮತ್ತ ಕೂಡ್ಸಿ ಸುತಳಿಲೇ ಗಟ್ಟಿಯಾಗಿ ಕಟ್ರಿ, ಬರೂ ದಾರ್ಯಾಗ ನನ್ನ ಅಂಗಡಿ ಮುಂದ ನಿಲ್ಲಸ್ರಿ" ಎಂದು ನಾನೇ ಕೂಗಿ ಹೇಳಿದೆ. ಫೋನ್ ಕಟ್ಟಾಯಿತು.

ಡ್ರೈವರ್ ನನ್ನನ್ನು ನೋಡಿದ. ಕಪಾಳಕ್ಕೆ ಏಟು ಬಿದ್ದಾಗಲೂ ಅವನ ಕಣ್ಣಲ್ಲಿ ಇಷ್ಟು ಗಾಬರಿ ಇರಲಿಲ್ಲ.

"ಅಂಗಡಿ ಇಟ್ಟು ಎಷ್ಟ ವರ್ಷ ಆಯ್ತ್ರಿ?"

"ಹದಿನೆಂಟು."

"ಗಿರಾಕಿಗೋಳ ನಂಬರ್ ಅದಾವೇನ್ರಿ ನಿಮ್ಮ ಫೋನಿನಾಗ?"

"ಅದಾವ. ಎಲ್ಲಾರ್ದೂ ಇಲ್ಲ."

ಅವನು ನಾನು ಕಟ್ಟೆಯ ಮೇಲಿಟ್ಟಿದ್ದ ಫೋನನ್ನು ಎತ್ತಿ ನನ್ನ ಎಡಗೈಗೆ ಕೊಟ್ಟ.

"ಹಂಗಾದ್ರ ಒಬ್ಬೊಬ್ಬರಿಗೇ ಫೋನ್ ಹಚ್ಚಾಕ ಚಾಲೂ ಮಾಡ್ರಿ" ಎಂದ.